ಡಾಕ್ಟರಮ್ಮನ ಅಂಚೆ: ಮೂಳೆ ತಿನ್ನುವ ಜೀವಕೋಶ ಎಲ್ಲಿಂದ ಬರುತ್ತದೆ?

ಈ ಸಲ ಮೂಳೆ, ಕೀಲು, ಹಲ್ಲು ಇವುಗಳ ಬಗ್ಗೆಯೇ ಜಾಸ್ತಿ ಪತ್ರಗಳು ಬಂದಿವೆ. ಮುಂಬೈ, ಪುಣೆ, ಗೋವಾದಿಂದ ಬಂದ ಕೆಲವನ್ನು ಆರಿಸಿಕೊಂಡಿದ್ದೇನೆ. ಓದಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ ಎಲ್ಲದರ ಹಿಂದೆಯೂ ಇರುವುದು ಒಂದೇ ಜೀವಕೋಶ. ಅದಕ್ಕೆ ಮೊದಲ ಪತ್ರಕ್ಕೆ ಉದ್ದಕ್ಕೆ ಬರೆದಿದ್ದೇನೆ. ಉಳಿದವರೂ ಅದನ್ನು ಓದಿಕೊಂಡೇ ಮುಂದೆ ಹೋಗಿ. ಪುಣೆಯ ಕೊಥ್ರೂಡ್‌ನ ನನ್ನ ಕ್ಲಿನಿಕ್ಕಿಗೆ ಬಂದು "ಎರಡೇ ಮಾತಿನಲ್ಲಿ ಹೇಳಿ ಮೇಡಂ" ಅನ್ನುವವರನ್ನು ನಾನು ಇನ್ನೂ ಜಾಸ್ತಿ ಹೊತ್ತು ಕೂರಿಸಿಕೊಳ್ಳುತ್ತೇನೆ. ಪತ್ರ ಬರೆದವರ ಹೆಸರು ಎಂದಿನಂತೆ ಹಾಕಿಲ್ಲ.

ಪ್ರಶ್ನೆ: ನನಗೆ 43 ವರ್ಷ. ಊರು ಬಾಗಲಕೋಟೆ ಕಡೆ, ಈಗ ಡೊಂಬಿವಲಿಯಲ್ಲಿದ್ದೇವೆ. ಒಂದು ವರ್ಷದಿಂದ ಎರಡೂ ಕೈಯ ಬೆರಳಿನ ಕೀಲುಗಳು ಬಾತುಕೊಳ್ಳುತ್ತಿವೆ. ಬೆಳಗ್ಗೆ ಎದ್ದರೆ ತಾಸುಗಟ್ಟಲೆ ಮುಷ್ಟಿ ಕಟ್ಟಲು ಬರುವುದಿಲ್ಲ. ರೊಟ್ಟಿ ಬಡಿಯುವುದು ಬಿಟ್ಟಿದ್ದೇನೆ. ಲೋಕಲ್‌ನಲ್ಲಿ ಮೇಲಿನ ಹಿಡಿಕೆ ಹಿಡಿದು ನಿಲ್ಲಲು ಆಗುತ್ತಿಲ್ಲ. ರಕ್ತ ಪರೀಕ್ಷೆ ಮಾಡಿ ರುಮಟಾಯ್ಡ್ ಸಂಧಿವಾತ ಎಂದರು. ಎಕ್ಸ್‌ರೇ ನೋಡಿ ಮೂಳೆಯ ಅಂಚು ಸವೆದಿದೆ ಎಂದರು. ನಾನು ದಿನಾ ಹಾಲು ಕುಡಿಯುತ್ತೇನೆ. ಕ್ಯಾಲ್ಸಿಯಂ ಮಾತ್ರೆ ತಪ್ಪಿಸಿಲ್ಲ. ಬಾವು ಬಂದಿರುವುದು ಕೀಲಿಗೆ, ಮೂಳೆ ಯಾಕೆ ಸವೆಯಬೇಕು? ವಾರಕ್ಕೊಮ್ಮೆ ತೆಗೆದುಕೊಳ್ಳುವ ಒಂದು ಮಾತ್ರೆ ಬರೆದಿದ್ದಾರೆ. ಅದು ಕ್ಯಾನ್ಸರಿಗೆ ಕೊಡುವ ಮಾತ್ರೆ ಎಂದು ಮೆಡಿಕಲ್ ಅಂಗಡಿಯವನು ಹೇಳಿದ. ಹೆದರಿಕೆಯಾಗಿ ಇನ್ನೂ ಶುರು ಮಾಡಿಲ್ಲ.

ಉತ್ತರ: ತಂಗಿ, ಬಸಿರಾಗುವ ಸಾಧ್ಯತೆ ಇಲ್ಲವಾದರೆ ಮೊದಲು ಮಾತ್ರೆ ಶುರು ಮಾಡು. ಯಾಕೆ ಅಂತ ಆಮೇಲೆ ಓದು.

ಮೂಳೆ ಎಂದರೆ ಕಲ್ಲಿನಂತೆ ಸುಮ್ನೆ ಬಿದ್ದಿರುವ ವಸ್ತು ಎಂದು ನಾವೆಲ್ಲ ತಿಳಿದಿರುತ್ತೇವೆ. ಹಾಗಲ್ಲ. ಅದು ದಿನವೂ ಒಂದು ಕಡೆ ಕರಗುತ್ತದೆ, ಇನ್ನೊಂದು ಕಡೆ ಕಟ್ಟಿಕೊಳ್ಳುತ್ತದೆ. ದೊಡ್ಡವರ ಅಸ್ಥಿಪಂಜರದ ಸುಮಾರು 10ನೇ ಒಂದು ಭಾಗ ಪ್ರತಿ ವರ್ಷ ಹೊಸದಾಗುತ್ತದೆ. ಹಳೆಯ ಮೂಳೆಯನ್ನು ಕರಗಿಸಿ ತೆಗೆಯುವುದು ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶ. ಹೊಸದನ್ನು ಕಟ್ಟುವುದು ಆಸ್ಟಿಯೋಬ್ಲಾಸ್ಟ್. ಪುಣೆಯಲ್ಲಿ ರಸ್ತೆ ಅಗೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗೆಯುವವರು ಎರಡು ಮೂರು ವಾರದಲ್ಲಿ ಕೆಲಸ ಮುಗಿಸಿ ಹೋಗುತ್ತಾರೆ. ಮುಚ್ಚುವವರಿಗೆ ಮೂರು ನಾಲ್ಕು ತಿಂಗಳು ಬೇಕು. ಮೂಳೆಯಲ್ಲೂ ಲೆಕ್ಕ ಹೆಚ್ಚು ಕಡಿಮೆ ಇಷ್ಟೇ. ಒಮ್ಮೆಗೇ ಹತ್ತಾರು ಕಡೆ ಅಗೆತ ಶುರುವಾದರೆ ಏನಾಗುತ್ತದೆ ಅಂತ ನೀನೇ ಊಹಿಸು.

ಈಗ ನಿನ್ನ ಪ್ರಶ್ನೆಯ ತಿರುಳಿಗೆ ಬರೋಣ. ಈ ಅಗೆಯುವ ಕೋಶಗಳು ಮೂಳೆಯ ಸ್ವಂತ ಮಕ್ಕಳಲ್ಲ. ಅವು ರಕ್ತದ ಕಡೆಯವು. ರೋಗಾಣು ಬಂದಾಗ ಅದನ್ನು ನುಂಗುವ ಮ್ಯಾಕ್ರೋಫೇಜ್ ಅಂತ ಬಿಳಿ ರಕ್ತಕಣಗಳಿವೆಯಲ್ಲ, ಅವುಗಳ ಕುಟುಂಬದ್ದೇ ಆಸ್ಟಿಯೋಕ್ಲಾಸ್ಟ್ ಕೂಡ. ಇಬ್ಬರಿಗೂ ಪೂರ್ವಜ ಒಂದೇ. ಆ ಎಳೆಯ ಕೋಶ ಮುಂದೆ ಏನಾಗಬೇಕು ಎನ್ನುವುದು ಅದರ ಸುತ್ತ ಯಾವ ರಾಸಾಯನಿಕ ಸಂದೇಶಗಳು ಇವೆ ಎನ್ನುವುದರ ಮೇಲೆ ನಿಂತಿದೆ. ಒಂದು ಬಗೆಯ ಸಂದೇಶ ಬಂದರೆ ಮ್ಯಾಕ್ರೋಫೇಜ್ ಆಗಿ ಉಳಿಯುತ್ತದೆ. ಇನ್ನೊಂದು ಬಗೆ ಬಂದರೆ ಹಲವು ಎಳೆಯ ಕೋಶಗಳು ಒಂದರೊಳಗೊಂದು ಬೆರೆತು ಒಂದು ದೊಡ್ಡ ಕೋಶವಾಗುತ್ತವೆ. ಆ ದೊಡ್ಡ ಕೋಶದಲ್ಲಿ ಹಲವು ಬೀಜಕೇಂದ್ರಗಳಿರುತ್ತವೆ. ಅದೇ ಆಸ್ಟಿಯೋಕ್ಲಾಸ್ಟ್. ಅದು ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡು, ಅಂಚನ್ನೆಲ್ಲ ಮುಚ್ಚಿ, ಒಳಗೆ ಆಮ್ಲ ಬಿಡುತ್ತದೆ. ಆಮ್ಲ ಸುಣ್ಣದಂಶವನ್ನು ಕರಗಿಸುತ್ತದೆ. ಕೆಥೆಪ್ಸಿನ್-ಕೆ ಎಂಬ ಕಿಣ್ವ ಉಳಿದ ನಾರಿನಂಶವನ್ನು ಕತ್ತರಿಸುತ್ತದೆ. ಅಲ್ಲೊಂದು ಸಣ್ಣ ಗುಳಿ ಬೀಳುತ್ತದೆ.

ಹೀಗಾಗಲು ಎರಡು ಸಂದೇಶಗಳು ಬೇಕೇ ಬೇಕು. ಒಂದು ಎಂ-ಸಿಎಸ್‌ಎಫ್. ಅದು ಎಳೆಯ ಕೋಶವನ್ನು ಬದುಕಿಸಿ ಬೆಳೆಸುತ್ತದೆ. ಇನ್ನೊಂದು ರ‍್ಯಾಂಕ್-ಎಲ್. ನಿಜವಾದ ಹುಕುಂ ಅದರದ್ದು. ಆರೋಗ್ಯವಾಗಿರುವಾಗ ರ‍್ಯಾಂಕ್-ಎಲ್ ಹೆಚ್ಚಾಗಿ ಮೂಳೆಯ ಕೋಶಗಳಿಂದಲೇ ಬರುತ್ತದೆ. ಅದಕ್ಕೆ ಲಗಾಮು ಹಾಕುವ ಓಪಿಜಿ ಎಂಬ ಪ್ರೋಟೀನೂ ಅಲ್ಲೇ ತಯಾರಾಗುತ್ತದೆ. ಓಪಿಜಿ ಏನು ಮಾಡುತ್ತದೆ? ರ‍್ಯಾಂಕ್-ಎಲ್ ಎಳೆಯ ಕೋಶವನ್ನು ಮುಟ್ಟುವ ಮೊದಲೇ ಅದನ್ನು ಹಿಡಿದು ಸುಮ್ಮನಾಗಿಸುತ್ತದೆ. ಇವೆರಡರ ಪ್ರಮಾಣ ಸರಿಯಿರುವವರೆಗೆ ತೆಗೆದಷ್ಟನ್ನೇ ಕಟ್ಟುವುದು ನಡೆಯುತ್ತದೆ.

ರುಮಟಾಯ್ಡ್ ಸಂಧಿವಾತದಲ್ಲಿ ಈ ಲೆಕ್ಕ ತಪ್ಪುತ್ತದೆ. ನಿನ್ನ ಕೀಲಿನ ಒಳಪದರದಲ್ಲಿ ರೋಗನಿರೋಧಕ ಕೋಶಗಳು ಬಂದು ಕೂತಿವೆ. ಅಲ್ಲಿ ರೋಗಾಣು ಇಲ್ಲ. ಆದರೂ ಅವು ತಮ್ಮ ದೇಹದ ಮೇಲೇ ತಿರುಗಿಬಿದ್ದಿವೆ. ಅವು ಒಂದಕ್ಕೊಂದು ಕಳಿಸುವ ಸಂದೇಶಗಳಿಗೆ ಸೈಟೋಕೈನ್ ಎನ್ನುತ್ತಾರೆ. ಟಿಎನ್‌ಎಫ್, ಐಎಲ್-1, ಐಎಲ್-6, ಐಎಲ್-17 ಇವು ಮುಖ್ಯವಾದವು. ಬಾವು, ಬಿಸಿ, ನೋವು ಎಲ್ಲ ಇವುಗಳಿಂದಲೇ. ಇವು ಇಷ್ಟಕ್ಕೇ ನಿಲ್ಲಿಸಿದ್ದರೆ ನಿನಗೆ ಬರೀ ನೋವು ಇರುತ್ತಿತ್ತು, ಎಕ್ಸ್‌ರೇ ಚೆನ್ನಾಗಿಯೇ ಇರುತ್ತಿತ್ತು. ಆದರೆ ಇದೇ ಸಂದೇಶಗಳು ಕೀಲಿನ ಒಳಪದರದ ಕೋಶಗಳಿಂದ ರ‍್ಯಾಂಕ್-ಎಲ್ ಹೊರಡುವಂತೆ ಮಾಡುತ್ತವೆ. ಟಿಎನ್‌ಎಫ್ ಇನ್ನೂ ಒಂದು ಹೆಜ್ಜೆ ಮುಂದೆ. ಎಳೆಯ ಕೋಶಗಳ ಮೇಲೆ ನೇರವಾಗಿಯೂ ಕೆಲಸ ಮಾಡಿ, ಸ್ವಲ್ಪವೇ ರ‍್ಯಾಂಕ್-ಎಲ್ ಇದ್ದರೂ ಅವು ಆಸ್ಟಿಯೋಕ್ಲಾಸ್ಟ್ ಆಗುವಂತೆ ಮಾಡುತ್ತದೆ. ಸಾಲದ್ದಕ್ಕೆ ಮೂಳೆ ಕಟ್ಟುವವರ ಕೈಯನ್ನೂ ಕಟ್ಟುತ್ತದೆ. ಅದಕ್ಕೇ ಒಮ್ಮೆ ಬಿದ್ದ ಗುಳಿ ಅಷ್ಟು ಸುಲಭವಾಗಿ ತುಂಬುವುದಿಲ್ಲ.

ಅಂಚೇ ಯಾಕೆ ಸವೆಯಿತು? ಕೀಲಿನೊಳಗೆ ಮೂಳೆಯ ತುದಿಗೆ ಮೆದುಮೂಳೆಯ ಹೊದಿಕೆ ಇರುತ್ತದೆ. ಅಂಚಿನಲ್ಲಿ ಮಾತ್ರ ಒಂದಿಷ್ಟು ಜಾಗ ಬರಿದಾಗಿರುತ್ತದೆ. ಬಾತುಕೊಂಡ ಒಳಪದರ ಮೂಳೆಯನ್ನು ನೇರವಾಗಿ ಮುಟ್ಟುವುದು ಅಲ್ಲಿಯೇ. ನಿನ್ನ ಎಕ್ಸ್‌ರೇಯಲ್ಲಿ ಕಚ್ಚಿದ ಹಾಗೆ ಕಾಣುವ ಜಾಗ ಅದು.

ಕ್ಯಾಲ್ಸಿಯಂ ಬಗ್ಗೆ ಈಗ ನಿನಗೇ ತಿಳಿದಿರಬೇಕು. ಅದು ಕಟ್ಟುವ ಸಾಮಾನು. ಅಗೆಯುವವರಿಗೆ ನಿಲ್ಲಿ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಬಿಡಬೇಡ, ಆದರೆ ಅದನ್ನೇ ನಂಬಿ ಕೂರಬೇಡ. ನೋವಿನ ಮಾತ್ರೆಯೂ ಅಷ್ಟೇ. ನೋವು ಇಳಿಸುತ್ತದೆ, ಒಳಗಿನ ಅಗೆತ ಹಾಗೇ ನಡೆದಿರುತ್ತದೆ. ನಮ್ಮ ಹೆಣ್ಣುಮಕ್ಕಳು ಎರಡು ಮೂರು ವರ್ಷ ನೋವಿನ ಮಾತ್ರೆಯಲ್ಲೇ ದೂಡಿ, ಬೆರಳು ಸೊಟ್ಟಗಾದ ಮೇಲೆ ಬರುವುದನ್ನು ನೋಡಿ ನೋಡಿ ನನಗೆ ಸಿಟ್ಟು ಬರುತ್ತದೆ. ಅವರ ಮೇಲಲ್ಲ. "ವಯಸ್ಸಾಯಿತು, ವಾತ, ಸಹಿಸಿಕೋ" ಎಂದು ಹೇಳಿ ಕಳಿಸಿದವರ ಮೇಲೆ.

ನಿನಗೆ ಬರೆದಿರುವುದು ಮೆಥೊಟ್ರೆಕ್ಸೇಟ್ ಇರಬೇಕು. ಕ್ಯಾನ್ಸರಿಗೆ ಕೊಡುತ್ತಾರೆ, ನಿಜ. ಅಲ್ಲಿ ಪ್ರಮಾಣ ತುಂಬಾ ದೊಡ್ಡದು. ಸಂಧಿವಾತಕ್ಕೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಈ ಪ್ರಮಾಣದಲ್ಲಿ ಅದು ರೋಗನಿರೋಧಕ ಕೋಶಗಳ ಗಲಾಟೆಯನ್ನು ತಗ್ಗಿಸುತ್ತದೆ. ಗಲಾಟೆ ತಗ್ಗಿದರೆ ಸಂದೇಶಗಳೂ ಕಡಿಮೆ, ಮೂಳೆ ತಿನ್ನುವ ಕೋಶಗಳೂ ಕಡಿಮೆ. ಆದರೆ ಒಂದು ಮಾತನ್ನು ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡು: ವಾರಕ್ಕೆ ಒಂದೇ ದಿನ. ದಿನಾ ಅಲ್ಲ. ದಿನಾ ನುಂಗಿ ರಕ್ತಕಣಗಳೆಲ್ಲ ಬಿದ್ದುಹೋಗಿ ಜೀವಕ್ಕೇ ಕುತ್ತು ಬಂದವರಿದ್ದಾರೆ. ಸೋಮವಾರವೋ ಗುರುವಾರವೋ, ನಿನಗೆ ನೆನಪಿರುವ ಒಂದು ದಿನ ಗೊತ್ತು ಮಾಡಿಕೋ. ಫೋಲಿಕ್ ಆಸಿಡ್ ಮಾತ್ರೆ ಯಾವ ದಿನ ಎಂದು ಡಾಕ್ಟರನ್ನು ಕೇಳಿಕೋ. ರಕ್ತ ಪರೀಕ್ಷೆ ಹೇಳಿದಾಗ ತಪ್ಪಿಸಬೇಡ. ಬಸಿರಾಗುವ ಸಾಧ್ಯತೆ ಇದ್ದರೆ ಈ ಮಾತ್ರೆ ಬೇಡವೇ ಬೇಡ, ಅದನ್ನು ಮೊದಲೇ ಹೇಳು.

ಇದರಿಂದ ಹತೋಟಿಗೆ ಬರದಿದ್ದರೆ ಟಿಎನ್‌ಎಫ್ ಅನ್ನೇ ಹಿಡಿದು ಕಟ್ಟುವ ಇಂಜೆಕ್ಷನ್‌ಗಳಿವೆ. 1990ರ ದಶಕದಲ್ಲಿ ಲಂಡನ್ನಿನ ಕೆನಡಿ ಸಂಸ್ಥೆಯಲ್ಲಿ ಭಾರತ ಮೂಲದ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ ಇದು ಕೆಲಸ ಮಾಡುತ್ತದೆ ಎಂದು ತೋರಿಸಿದರು. ಆಮೇಲೆ ಒಂದು ಸೋಜಿಗದ ಸಂಗತಿ ಕಂಡುಬಂತು. ಈ ಇಂಜೆಕ್ಷನ್ ಮೆಥೊಟ್ರೆಕ್ಸೇಟ್ ಜೊತೆ ತೆಗೆದುಕೊಂಡ ಕೆಲವರಿಗೆ ಬಾವು, ನೋವು ಅಷ್ಟಾಗಿ ಇಳಿಯಲಿಲ್ಲ. ಆದರೂ ಎಕ್ಸ್‌ರೇಯಲ್ಲಿ ಮೂಳೆ ಸವೆಯುವುದು ಮಾತ್ರ ಬಹಳ ನಿಧಾನವಾಯಿತು. ಟಿಎನ್‌ಎಫ್ ಬಾವಿನ ಮೂಲಕವಷ್ಟೇ ಅಲ್ಲ, ಬೇರೆ ದಾರಿಯಿಂದಲೂ ಮೂಳೆಗೆ ಕೈ ಹಾಕುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಈ ಇಂಜೆಕ್ಷನ್ ಕೊಡುವ ಮೊದಲು ಕ್ಷಯದ ಪರೀಕ್ಷೆ ಮಾಡಿಸಲೇಬೇಕು. ನಮ್ಮಲ್ಲಿ ಎಷ್ಟೋ ಜನರ ಶ್ವಾಸಕೋಶದಲ್ಲಿ ಕ್ಷಯದ ರೋಗಾಣು ನಿದ್ದೆ ಮಾಡುತ್ತಿರುತ್ತದೆ. ಅದನ್ನು ಸುತ್ತುಗಟ್ಟಿ ಇಟ್ಟಿರುವುದರಲ್ಲಿ ಇದೇ ಟಿಎನ್‌ಎಫ್ ಪಾಲು ದೊಡ್ಡದು. ಒಂದು ಕಡೆ ಕೆಡಿಸುವುದೇ ಇನ್ನೊಂದು ಕಡೆ ಕಾಪಾಡುತ್ತಿರುತ್ತದೆ, ನೋಡು.

ಪ್ರಶ್ನೆ: ನಾನು ವಿಜಯಪುರದವನು, ಪುಣೆಯಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಸೈಟೋಕೈನ್‌ಗಳು ಆಸ್ಟಿಯೋಕ್ಲಾಸ್ಟ್‌ಗಳನ್ನು ಹೆಚ್ಚಿಸುತ್ತವೆ ಎಂದು ಪಾಠದಲ್ಲಿ ಬರೆಸಿದರು. ಆದರೆ ಐಎಲ್-3 ಎಂಬ ಸೈಟೋಕೈನ್ ಕಡಿಮೆ ಮಾಡುತ್ತದೆ ಎಂದು ಗೆಳೆಯ ಹೇಳುತ್ತಾನೆ. ಯಾವುದು ಸರಿ? ಈ ವಿಷಯ ಶುರುವಾದದ್ದು ಹೇಗೆ?

ಉತ್ತರ: ನಿನ್ನ ಗೆಳೆಯನಿಗೆ ಚಹಾ ಕುಡಿಸು ತಮ್ಮಾ. ಅದರ ಮೇಲೆ ಕೆಲಸ ನಡೆದದ್ದು ನಿನ್ನ ಕಾಲೇಜಿನ ಪಕ್ಕದಲ್ಲೇ. ಗಣೇಶಖಿಂಡದ ವಿಶ್ವವಿದ್ಯಾಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ.

ಮೊದಲು ಶುರುವಾದ ಕಥೆ. 1972ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಮನುಷ್ಯರ ಬಿಳಿ ರಕ್ತಕಣಗಳನ್ನು ಬೆಳೆಸಿ, ಅವುಗಳನ್ನು ಕೆರಳಿಸಲು ಹಲ್ಲಿನ ಮೇಲಿನ ಪಾಚಿಯನ್ನು ಹಾಕಿದರು. ಆಮೇಲೆ ಆ ದ್ರವವನ್ನು ಮೂಳೆಯ ತುಣುಕಿನ ಮೇಲೆ ಬಿಟ್ಟರೆ ಮೂಳೆ ಕರಗತೊಡಗಿತು. ರಕ್ತಕಣಗಳು ಏನನ್ನೋ ಸ್ರವಿಸುತ್ತಿವೆ ಎನ್ನುವುದು ಖಾತ್ರಿಯಾಯಿತು. ಆ "ಏನೋ" ಯಾವುದು ಎಂದು ಹುಡುಕಲು ವರ್ಷಗಳೇ ಬೇಕಾದವು. 1985ರಲ್ಲಿ ಅದರ ಮುಖ್ಯ ಅಂಶ ಐಎಲ್-1 ಬೀಟಾ ಎಂದು ತಿಳಿಯಿತು. ಆಗಲೂ ಎಲ್ಲ ಬಗೆಹರಿದಿರಲಿಲ್ಲ. ಆಸ್ಟಿಯೋಕ್ಲಾಸ್ಟ್ ಹುಟ್ಟಲು ಬೇಕಾದ ಕೊನೆಯ ಹುಕುಂ ಯಾವುದು ಎನ್ನುವುದು ಉಳಿದಿತ್ತು.

1997-98ರಲ್ಲಿ ಅದು ಸಿಕ್ಕಿತು. ಸಿಕ್ಕಿದ್ದು ಒಬ್ಬರಿಗಲ್ಲ, ನಾಲ್ಕು ತಂಡಗಳಿಗೆ. ಇಬ್ಬರು ರೋಗನಿರೋಧಕ ಕೋಶಗಳನ್ನು ನೋಡುತ್ತಿದ್ದವರು, ಇಬ್ಬರು ಮೂಳೆಯನ್ನು ನೋಡುತ್ತಿದ್ದವರು. ಎಲ್ಲರ ಕೈಗೆ ಬಂದದ್ದು ಒಂದೇ ಅಣು. ಅದೇ ಈಗಿನ ರ‍್ಯಾಂಕ್-ಎಲ್. 1999ರಲ್ಲಿ ರ‍್ಯಾಂಕ್-ಎಲ್ ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಆಸ್ಟಿಯೋಕ್ಲಾಸ್ಟ್‌ಗಳೇ ಇಲ್ಲದೆ ಮೂಳೆ ವಿಪರೀತ ಗಟ್ಟಿಯಾಗಿತ್ತು. ಹಲ್ಲು ಮೂಡಲಿಲ್ಲ. ಅದಕ್ಕಿಂತ ದೊಡ್ಡ ಅಚ್ಚರಿ, ಅವುಗಳಲ್ಲಿ ರೋಗನಿರೋಧಕ ಕೋಶಗಳು ಸೇರುವ ದುಗ್ಧರಸ ಗ್ರಂಥಿಗಳೇ (ಲಿಂಫ್ ನೋಡ್) ಇರಲಿಲ್ಲ. ಮೂಳೆಗೂ ರೋಗನಿರೋಧಕ ವ್ಯವಸ್ಥೆಗೂ ಎಂಥ ಹಳೆಯ ನಂಟು ನೋಡು. ಪರೀಕ್ಷೆಯಲ್ಲಿ ಈ ಪ್ರಯೋಗ ಬರೆದರೆ ಅಂಕ ಸಿಗುತ್ತದೆ.

ಈಗ ನಿನ್ನ ಪ್ರಶ್ನೆ. ಎಲ್ಲ ಸೈಟೋಕೈನ್‌ಗಳೂ ಒಂದೇ ಕಡೆ ಎಳೆಯುವುದಿಲ್ಲ. ಐಎಲ್-4, ಐಎಲ್-10 ತಡೆಯುವ ಕಡೆಗಿವೆ. ಇಂಟರ್‌ಫೆರಾನ್ ಗಾಮಾ ಕೂಡ. ಜಪಾನಿನ ಹಿರೋಶಿ ತಾಕಾಯನಾಗಿ ಮತ್ತು ಅವರ ಜೊತೆಯವರು 2000ದಲ್ಲಿ ತೋರಿಸಿದ್ದು ಇದು: ರ‍್ಯಾಂಕ್-ಎಲ್ ಹೊರಗಿನಿಂದ ಹೇಳಿದ್ದನ್ನು ಕೋಶದ ಒಳಗೆ ದಾಟಿಸುವ ಟ್ರಾಫ್-6 ಎಂಬ ಪ್ರೋಟೀನನ್ನು ಇಂಟರ್‌ಫೆರಾನ್ ಗಾಮಾ ಬೇಗ ಒಡೆದುಹಾಕಿಸುತ್ತದೆ. ಹುಕುಂ ಬಾಗಿಲ ತನಕ ಬಂದರೂ ಒಳಗೆ ಹೋಗುವುದಿಲ್ಲ.

ಗಣೇಶಖಿಂಡದಲ್ಲಿ ಮೋಹನ್ ವಾಣಿ ಅವರ ಪ್ರಯೋಗಾಲಯ ಐಎಲ್-3 ಹಿಡಿದುಕೊಂಡಿತು. 2003ರಲ್ಲಿ ಇಲಿಯ ಕೋಶಗಳಲ್ಲಿ ಅವರು ಕಂಡದ್ದು ಹೀಗಿದೆ. ಎಳೆಯ ಕೋಶಗಳಿಗೆ ರ‍್ಯಾಂಕ್-ಎಲ್ ಜೊತೆ ಐಎಲ್-3 ಕೊಟ್ಟರೆ ಅವು ಆಸ್ಟಿಯೋಕ್ಲಾಸ್ಟ್ ಆಗುವುದಿಲ್ಲ, ಮ್ಯಾಕ್ರೋಫೇಜ್ ಕಡೆಗೆ ತಿರುಗಿಬಿಡುತ್ತವೆ. ತಿರುಗಿದ ಮೇಲೆ ವಾಪಸ್ ಬರುವುದೂ ಇಲ್ಲ. 2005ರಲ್ಲಿ ಟಿಎನ್‌ಎಫ್ ಕಡೆಯಿಂದ ಪರೀಕ್ಷಿಸಿದರು. ಐಎಲ್-3 ಇದ್ದಾಗ ಕೋಶದ ಮೇಲೆ ಟಿಎನ್‌ಎಫ್ ಬಂದು ಕೂರುವ ಗ್ರಾಹಕಗಳೇ ಕಡಿಮೆಯಾದವು. 2010ರಲ್ಲಿ ಮನುಷ್ಯರ ಕೋಶಗಳಲ್ಲೂ ತಡೆ ಕಂಡಿತು. ಮುಂದೆ ಸಂಧಿವಾತ ಬರಿಸಿದ ಇಲಿಗಳಿಗೆ ಐಎಲ್-3 ಕೊಟ್ಟಾಗ ಕಾಯಿಲೆಯ ತೀವ್ರತೆ ಇಳಿಯಿತು. ಇದು ಇನ್ನೂ ಪ್ರಯೋಗಾಲಯದ ಮಾತು, ಔಷಧದಂಗಡಿಯ ಮಾತಲ್ಲ. ಆದರೆ ನೀನು ಸೈಕಲ್ಲಿನಲ್ಲಿ ಹೋಗಿ ನೋಡಬಹುದಾದ ಜಾಗದಲ್ಲಿ ನಡೆದ ಕೆಲಸ, ಅಲ್ವಾ?

ಇನ್ನೊಂದು ತಲೆಹರಟೆ ಸಂಗತಿ ನಿನಗಾಗಿ. ಹುಟ್ಟಿನಿಂದಲೇ ಮೂಳೆ ವಿಪರೀತ ಗಟ್ಟಿಯಾಗುವ ಮಕ್ಕಳ ಕಾಯಿಲೆಯೊಂದಿದೆ, ಆಸ್ಟಿಯೋಪೆಟ್ರೋಸಿಸ್. ಅಲ್ಲಿ ಮೂಳೆ ಕರಗುವುದು ಹೆಚ್ಚಬೇಕು. ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಔಷಧ ಯಾವುದು ಗೊತ್ತೇ? ಅದೇ ಇಂಟರ್‌ಫೆರಾನ್ ಗಾಮಾ. ಕೋಶಗಳ ತಟ್ಟೆಯಲ್ಲಿ ತಡೆಯುವ ಅಣು ದೇಹದೊಳಗೆ ಬೇರೆ ಕೋಶಗಳನ್ನು ಕೆರಳಿಸಿ ಉಲ್ಟಾ ಕೆಲಸವನ್ನೂ ಮಾಡಬಲ್ಲದು. "ಇದು ಒಳ್ಳೆಯ ಸೈಟೋಕೈನ್, ಇದು ಕೆಟ್ಟದ್ದು" ಎಂದು ಎರಡು ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಿದ್ದರೆ ಆ ಹಾಳೆ ಹರಿದುಹಾಕು.

ಪ್ರಶ್ನೆ: ನಾವು ರಾಮದುರ್ಗದವರು, ವಾಸ್ಕೋದಲ್ಲಿ ತರಕಾರಿ ಮಾರುತ್ತೇವೆ. ನನಗೆ 50 ದಾಟಿದೆ, ಸಕ್ಕರೆ ಕಾಯಿಲೆ ಇದೆ. ಕೆಳಗಿನ ಮುಂದಿನ ಹಲ್ಲುಗಳು ಅಲ್ಲಾಡುತ್ತಿವೆ. ವಸಡಿನಲ್ಲಿ ರಕ್ತ ಬರುತ್ತದೆ, ನೋವು ಮಾತ್ರ ಇಲ್ಲ. ಬೆಳಗ್ಗೆ ಮಿಶ್ರಿ ತಿಕ್ಕುವ ಅಭ್ಯಾಸ ಮೊದಲಿನಿಂದ ಇದೆ. ಹಲ್ಲು ಕ್ಲೀನ್ ಮಾಡಿಸಿದರೆ ಇನ್ನೂ ಸಡಿಲಾಗುತ್ತವೆ ಎಂದು ಪಕ್ಕದವರು ಹೇಳುತ್ತಾರೆ. (ಮಗಳ ಕೈಯಲ್ಲಿ ಬರೆಸಿದ ಪತ್ರ)

ಉತ್ತರ: ಅಕ್ಕಾ, ನೋವಿಲ್ಲ ಎನ್ನುವುದೇ ಇಲ್ಲಿ ಮೋಸ. ಹಲ್ಲಿಗೂ ವಸಡಿಗೂ ನಡುವಿನ ಸಂದಿಯಲ್ಲಿ ಪಾಚಿ ಕಟ್ಟುತ್ತದೆ, ಆಮೇಲೆ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ. ಅದರಲ್ಲಿ ರೋಗಾಣುಗಳಿವೆ. ಅವುಗಳ ಮೇಲೆ ಹೋರಾಡಲು ರಕ್ತಕಣಗಳು ವಸಡಿಗೆ ಬರುತ್ತವೆ. ಬಂದವು ತಮ್ಮ ಜೊತೆ ರ‍್ಯಾಂಕ್-ಎಲ್ ಕೂಡ ತರುತ್ತವೆ. ಹಲ್ಲು ಕೂತಿರುವ ದವಡೆ ಮೂಳೆಯಲ್ಲಿ ಅಗೆಯುವ ಕೋಶಗಳು ಹುಟ್ಟಿಕೊಂಡು ಮೂಳೆ ತಗ್ಗುತ್ತಾ ಹೋಗುತ್ತದೆ. ಹಲ್ಲು ಗಟ್ಟಿಯಾಗಿಯೇ ಇದೆ, ಅದನ್ನು ಹಿಡಿದ ಮೂಳೆ ಇಲ್ಲ. ಅದಕ್ಕೆ ಅಲ್ಲಾಡುತ್ತಿದೆ. ರೋಗಾಣು ನೇರವಾಗಿ ಮೂಳೆ ತಿನ್ನುವುದಕ್ಕಿಂತ ನಿಮ್ಮ ದೇಹದ ಸ್ವಂತ ಸಂದೇಶಗಳೇ ಜಾಸ್ತಿ ತಿನ್ನಿಸುತ್ತವೆ.

ಕ್ಲೀನ್ ಮಾಡಿಸಿದರೆ ಸಡಿಲಾಗುತ್ತದೆ ಎನ್ನುವುದು ಸುಳ್ಳು. ಕಲ್ಲು ಕಟ್ಟಿ ಹಲ್ಲುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲು ಗೊತ್ತಾಗುತ್ತದೆ, ಅಷ್ಟೇ. ಬಾಂಬೋಳಿಯಲ್ಲಿ ಸರಕಾರಿ ದಂತ ಕಾಲೇಜಿದೆ, ಅಲ್ಲಿಗೆ ಹೋಗಿ ತೋರಿಸಿ. ಮಿಶ್ರಿ ಇವತ್ತೇ ಬಿಡಿ. ಅದು ಹುರಿದ ತಂಬಾಕು. ಹಲ್ಲಿಗೂ ವಸಡಿಗೂ ಅದರಿಂದ ಕೇಡೇ, ಬಾಯಿ ಕ್ಯಾನ್ಸರಿಗೂ ದಾರಿ. ಸಕ್ಕರೆ ಹತೋಟಿಯಲ್ಲಿಡಿ. ಸಕ್ಕರೆ ಜಾಸ್ತಿಯಿದ್ದರೆ ವಸಡಿನ ಕಾಯಿಲೆ ಬಿಗಡಾಯಿಸುತ್ತದೆ. ವಸಡು ಸರಿಯಾದರೆ ಸಕ್ಕರೆಯೂ ತುಸು ಇಳಿಯುತ್ತದೆ. ಹಲ್ಲು ಕೀಳಿಸಿಬಿಡಿ ಎಂದು ಯಾರಾದರೂ ಅವಸರ ಮಾಡಿದರೆ ಮೊದಲು ವಸಡಿನ ತಜ್ಞರಿಗೆ ತೋರಿಸದೆ ಒಪ್ಪಬೇಡಿ.

ಪ್ರಶ್ನೆ: ನಮ್ಮ ತಾಯಿಗೆ 71 ವರ್ಷ. ನಾವು ಕುಂದಾಪುರದವರು, ಠಾಣೆಯಲ್ಲಿದ್ದೇವೆ. ಮೂಳೆ ಟೊಳ್ಳಾಗಿದೆ ಎಂದು ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ಕೊಡಿಸುತ್ತಿದ್ದೆವು. ಎರಡು ವರ್ಷ ಆಯಿತು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಚೆನ್ನಾಗಿ ಬಂದದ್ದರಿಂದ ನಾವೇ ನಿಲ್ಲಿಸಿದೆವು. ಕೊನೆಯ ಇಂಜೆಕ್ಷನ್ ಆಗಿ ಎಂಟು ತಿಂಗಳಾಗುತ್ತಾ ಬಂತು. ಇನ್ನು ಬೇಕೇ?

ಉತ್ತರ: ಬೇಕು. ಈ ಸಂಚಿಕೆ ಪಕ್ಕಕ್ಕಿಟ್ಟು ಈಗಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.

ಈ ಇಂಜೆಕ್ಷನ್ ರ‍್ಯಾಂಕ್-ಎಲ್ ಅನ್ನು ಹಿಡಿದುಕೊಳ್ಳುವ ಪ್ರತಿಕಾಯ. ನಮ್ಮ ದೇಹದ ಓಪಿಜಿ ಮಾಡುವ ಕೆಲಸವನ್ನೇ ಹೊರಗಿನಿಂದ ಮಾಡುತ್ತದೆ. 2010ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 7,868 ಹೆಂಗಸರ ಮೇಲೆ ಮೂರು ವರ್ಷ ನಡೆದ ಅಧ್ಯಯನದಲ್ಲಿ ಬೆನ್ನುಮೂಳೆಯ ಹೊಸ ಮುರಿತಗಳು ಶೇ 68ರಷ್ಟು ಕಡಿಮೆಯಾದವು. ಒಳ್ಳೆಯ ಔಷಧವೇ. ಆದರೆ ಅದರ ಪರಿಣಾಮ ಆರು ತಿಂಗಳಿಗೆ ಇಳಿದುಹೋಗುತ್ತದೆ. ಇಳಿದ ಮೇಲೆ ಇಷ್ಟು ದಿನ ತಡೆದಿಟ್ಟಿದ್ದ ಕೋಶಗಳು ಒಟ್ಟಿಗೇ ಕೆಲಸಕ್ಕೆ ಇಳಿಯುತ್ತವೆ. ಗಳಿಸಿದ ಮೂಳೆ ಒಂದೆರಡು ವರ್ಷದಲ್ಲೇ ಹೋಗುತ್ತದೆ. ಕೆಲವರಿಗೆ ಒಂದರ ಹಿಂದೆ ಒಂದು ಬೆನ್ನುಮೂಳೆ ಕುಸಿಯುತ್ತದೆ. ಅದಕ್ಕೆ ಈ ಇಂಜೆಕ್ಷನ್ ನಿಲ್ಲಿಸುವುದಾದರೆ ಅದರ ಬೆನ್ನಿಗೇ ಬೇರೆ ಔಷಧ ಶುರು ಮಾಡಬೇಕು. ಸಾಮಾನ್ಯವಾಗಿ ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಅಥವಾ ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಝೊಲೆಡ್ರೊನೇಟ್. ಸ್ಕ್ಯಾನ್ ಚೆನ್ನಾಗಿ ಬಂದದ್ದು ಇಂಜೆಕ್ಷನ್ ಇದ್ದದ್ದರಿಂದ. ರಿಪೋರ್ಟ್ ನೋಡಿ ಔಷಧ ಬಿಡುವ ಈ ಚಾಳಿ ನಮ್ಮವರಲ್ಲಿ ಬಹಳ.

ಅಮ್ಮನಿಗೆ ಈ ನಡುವೆ ಬಗ್ಗಿದಾಗಲೋ ಬಿಂದಿಗೆ ಎತ್ತಿದಾಗಲೋ ಬೆನ್ನಲ್ಲಿ ಛಳಕ್ಕೆಂದು ನೋವು ಬಂದು ಹಾಗೇ ಉಳಿದಿದೆಯೇ ಎಂದು ಕೇಳಿ. ಬಂದಿದ್ದರೆ ಬೆನ್ನಿನ ಎಕ್ಸ್‌ರೇ ಬೇಕು. ಹಲ್ಲು ಕೀಳಿಸುವುದಿದ್ದರೆ ಈ ಔಷಧಗಳ ಹೆಸರು ದಂತವೈದ್ಯರಿಗೆ ಮೊದಲೇ ಹೇಳಬೇಕು. ಅಪರೂಪಕ್ಕೆ ದವಡೆ ಮೂಳೆ ವಾಸಿಯಾಗದೆ ಉಳಿಯುವುದುಂಟು. ಕಿಡ್ನಿ ತೊಂದರೆ ಇದ್ದರೆ ಅದನ್ನೂ ಹೇಳಿ. ಡೆನೊಸುಮ್ಯಾಬ್ ಕೊಟ್ಟಾಗ ಅಂಥವರ ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಕೆಳಗೆ ಇಳಿಯಬಹುದು.

ನಿಮ್ಮ ಪತ್ರದ ಕೊನೆಗೆ "ಗಂಡಸರಿಗಿಂತ ಹೆಂಗಸರಿಗೇ ಯಾಕೆ ಜಾಸ್ತಿ" ಎಂದು ಕೇಳಿದ್ದೀರಿ. ಈಸ್ಟ್ರೋಜೆನ್ ಓಪಿಜಿಯನ್ನು ಹೆಚ್ಚಿಸುತ್ತದೆ, ಟಿಎನ್‌ಎಫ್‌ನಂಥ ಸಂದೇಶಗಳನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಮುಟ್ಟು ನಿಂತ ಮೇಲೆ ಆ ಹಿಡಿತ ತಪ್ಪುತ್ತದೆ. ಇಲಿಗಳಲ್ಲಿ ನೋಡಿದ್ದಾರೆ: ಅಂಡಾಶಯ ತೆಗೆದರೆ ಮೂಳೆ ಸವೆಯುತ್ತದೆ, ಆದರೆ ಟಿಎನ್‌ಎಫ್ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಸವೆಯುವುದಿಲ್ಲ. ವಯಸ್ಸಿನ ಮೂಳೆ ಸವೆತದಲ್ಲೂ ರೋಗನಿರೋಧಕ ಕೋಶಗಳ ಪಾಲಿದೆ ಎಂದಾಯಿತು.

ಪ್ರಶ್ನೆ: ನನಗೆ ಸಂಧಿವಾತ ಇದೆ. ಅಂಧೇರಿಯ ನಮ್ಮ ಸೊಸೈಟಿಯಲ್ಲಿ ಒಬ್ಬರು ಇಮ್ಯುನಿಟಿ ಹೆಚ್ಚಿಸುವ ಪುಡಿ ಮಾರುತ್ತಾರೆ. ತೆಗೆದುಕೊಂಡು ಒಂದು ವಾರಕ್ಕೇ ಬಾವು ಇಳಿಯಿತು. ಮುಂದುವರಿಸಲೇ?

ಉತ್ತರ: ನಿಮ್ಮ ರೋಗನಿರೋಧಕ ವ್ಯವಸ್ಥೆಗೆ ಶಕ್ತಿ ಸಾಲದೆ ಈ ಕಾಯಿಲೆ ಬಂದಿಲ್ಲ. ಅದರ ಆಟ ಜಾಸ್ತಿಯಾಗಿ ಬಂದಿದೆ. ಅದನ್ನು ಇನ್ನೂ ಹೆಚ್ಚಿಸಿ ಏನು ಮಾಡುತ್ತೀರಿ? ಮೇಲಾಗಿ ಒಂದು ವಾರಕ್ಕೇ ಬಾವು ಇಳಿಯಿತು ಎಂದರೆ ನನಗೆ ಖುಷಿಯಲ್ಲ, ಅನುಮಾನ ಬರುತ್ತದೆ. ಲೇಬಲ್ ಇಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸುವುದು ಹೊಸ ಸುದ್ದಿಯಲ್ಲ. ಸ್ಟಿರಾಯ್ಡ್ ಬಾವನ್ನು ನಿಜಕ್ಕೂ ಬೇಗ ಇಳಿಸುತ್ತದೆ. ನಾವು ಡಾಕ್ಟರುಗಳೂ ಕಡಿಮೆ ಪ್ರಮಾಣದಲ್ಲಿ, ಸ್ವಲ್ಪ ಕಾಲ, ಕೊಡುತ್ತೇವೆ. ಆದರೆ ತಿಂಗಳುಗಟ್ಟಲೆ ನಡೆದರೆ ಅದೇ ಮೂಳೆ ಕಟ್ಟುವ ಕೋಶಗಳನ್ನು ಕೊಲ್ಲುತ್ತದೆ, ತಿನ್ನುವ ಕೋಶಗಳ ಆಯಸ್ಸು ಹೆಚ್ಚಿಸುತ್ತದೆ. ಬಾವು ಇಲ್ಲ, ನೋವು ಇಲ್ಲ, ಒಂದು ದಿನ ಬಾತ್‌ರೂಮಿನಲ್ಲಿ ಜಾರಿದರೆ ಸೊಂಟ ಮುರಿಯುತ್ತದೆ.

ಮುಖ ದುಂಡಗಾಗಿದೆಯೇ, ಹಸಿವು ಜಾಸ್ತಿಯಾಗಿದೆಯೇ, ಸಕ್ಕರೆ ಏರಿದೆಯೇ ನೋಡಿಕೊಳ್ಳಿ. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಚಮಚ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು, ಡಬ್ಬಿ ಸಮೇತ ನಿಮ್ಮ ಡಾಕ್ಟರ ಹತ್ತಿರ ಹೋಗಿ. ಹೆಚ್ಚು ದಿನ ತೆಗೆದುಕೊಂಡಿದ್ದರೆ ಹೆದರಿಕೊಂಡು ನಾಳೆಯೇ ಪೂರ್ತಿ ನಿಲ್ಲಿಸಬೇಡಿ. ಒಳಗೆ ಸ್ಟಿರಾಯ್ಡ್ ಇದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ರಕ್ತದೊತ್ತಡ ಬಿದ್ದು ತಲೆ ಸುತ್ತಬಹುದು. ಹೇಗೆ ಇಳಿಸಬೇಕು ಎಂದು ಅವರು ಹೇಳುತ್ತಾರೆ. ಮಾರಿದವರು ದುಡ್ಡು ವಾಪಸ್ ಕೊಡುವುದಿಲ್ಲ, ಅದರ ಆಸೆ ಬಿಡಿ.